ಮುಳ್ಳು ಹೇಳಿದ್ದು, ಕೋಲು ಹೇಳಿದ್ದು

ನಮ್ಮ ಜೀಪಿನ ಪೆಟ್ರೋಲ್ ಮೀಟರಿನ ಮುಳ್ಳು ಇಂಗ್ಲಿಷಿನ 'ಇ' ಅಕ್ಷರದ ಮೇಲೆ ಕೂತು ನಲವತ್ತೈದು ವರ್ಷವಾದರೂ ಆಗಿರಬೇಕು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅದು ಅಲ್ಲಿತ್ತು. ಪುತ್ತೂರಿನ ಕಾಲೇಜಿಗೆ ಹೋಗುವಾಗಲೂ ಅಲ್ಲೇ ಇತ್ತು. ಮದುವೆ ಮುಗಿಸಿ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳಲು ಅದೇ ಜೀಪಿನಲ್ಲಿ ಕರೆತರುತ್ತಿದ್ದಾಗ ಅವಳು ಅರ್ಧ ದಾರಿ ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಎಂದು ನಾನು ತಿಳಿದಿದ್ದೆ. ಬೆಳ್ಳಾರೆ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು "ಪೆಟ್ರೋಲ್ ಇಲ್ಲ" ಎಂದಳು. ದಾಂಪತ್ಯದಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಅದು. ಜೀಪು ಓಡಿಸುತ್ತಿದ್ದ ಅಪ್ಪನಿಗೂ ಕೇಳಿಸಿತು. "ಇ ಹೇಳಿರೆ ಇದ್ದು ಹೇಳಿ ಲೆಕ್ಕ" ಎಂದು ಹಿಂದೆ ತಿರುಗದೆ ಹೇಳಿದರು. ನಮ್ಮ ಹವ್ಯಕ ಮಾತಿನಲ್ಲಿ 'ಇದ್ದು' ಎಂದರೆ ಉಂಟು, ಬೇಕಾದಷ್ಟು ಉಂಟು. ಸೊಸೆ ನಗಬೇಕೋ ಬಾರದೋ ಗೊತ್ತಾಗದೆ ಮತ್ತೆ ತಲೆ ತಗ್ಗಿಸಿದಳು.

ಜೀಪು ನಮ್ಮಲ್ಲಿಗೆ ಬಂದದ್ದು 1974ರಲ್ಲಿ. ಅದಕ್ಕೆ ಕಾರಣರಾದವರು ಅರಬರು ಎಂದರೆ ಅತಿಶಯೋಕ್ತಿಯಲ್ಲ. 1973ರ ಕೊನೆಗೆ ಅವರು ಎಣ್ಣೆಯ ನಲ್ಲಿ ತಿರುಗಿಸಿದ್ದೇ ಪೆಟ್ರೋಲಿನ ದರ ಆಕಾಶಕ್ಕೇರಿತು. ದಿಲ್ಲಿಯಲ್ಲಿ ವಾಜಪೇಯಿಯವರು ಎತ್ತಿನ ಗಾಡಿ ಹತ್ತಿ ಸಂಸತ್ತಿಗೆ ಹೋದರು. ಕೊಡಗಿನ ಒಬ್ಬ ಕಾಫಿ ಎಸ್ಟೇಟಿನವರು ತಮ್ಮ ಹಳೆಯ ಡಿಸ್ಪೋಸಲ್ ಜೀಪನ್ನು, ಕೊಟ್ಟಷ್ಟಕ್ಕೆ ಕೊಡುತ್ತೇನೆ ಎಂದರು. ಇಡೀ ದೇಶ ಎತ್ತಿನ ಗಾಡಿಯ ಕಡೆ ನೋಡುತ್ತಿದ್ದಾಗ ನಮ್ಮ ಅಪ್ಪ ಎತ್ತಿನ ಗಾಡಿ ಮಾರಿ ಸಂಪಾಜೆ ಘಾಟಿಯಲ್ಲಿ ಜೀಪು ಇಳಿಸಿಕೊಂಡು ಬಂದರು. ಅಡಿಕೆಗೆ ದರ ಬಿದ್ದು ಬೆಳೆಗಾರರೆಲ್ಲ ಸೇರಿ ಕ್ಯಾಂಪ್ಕೊ ಕಟ್ಟಿ ಇನ್ನೂ ವರ್ಷವಾಗಿತ್ತಷ್ಟೆ. ಅಂಥ ಹೊತ್ತಿನಲ್ಲಿ ಲೀಟರಿಗೆ ಎಂಟು ಕಿಲೋಮೀಟರ್ ಓಡುವ ಪ್ರಾಣಿಯನ್ನು ಹಟ್ಟಿಗೆ ತಂದು ಕಟ್ಟಿದವನನ್ನು ಊರವರು ಏನೆಂದರು ಎಂದು ಅಮ್ಮ ಇವತ್ತಿಗೂ ಪೂರ್ತಿ ಹೇಳುವುದಿಲ್ಲ.

ಡಿಸ್ಪೋಸಲ್ ಎಂದರೆ ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಹರಾಜಾದ ಮಾಲು. ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಯುದ್ಧದ ವರ್ಷಗಳಲ್ಲಿ ಇಂಥ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವಂತೆ. ಆರು ಲಕ್ಷದಲ್ಲಿ ಒಂದಕ್ಕೆ ಪಂಜದ ಆಚೆಯ ಗುಡ್ಡದ ಬುಡದಲ್ಲಿ ಅಡಿಕೆ ಗೋಣಿ ಹೊರುವ ಹಣೆಬರಹ. ಸ್ಟೇರಿಂಗ್ ಎಡಗಡೆ. ಎದುರಿನಿಂದ ಬಸ್ಸು ಬಂದರೆ ಅಪ್ಪನಿಗೆ ಕಾಣುತ್ತಿದ್ದದ್ದು ಚರಂಡಿ ಮಾತ್ರ. ಬಲಗಡೆ ಕೂತವನು ಬಸ್ಸನ್ನು ನೋಡಿ ಬಾಯಲ್ಲಿ ಹೇಳಬೇಕು. ಹೀಗೆ ಹೇಳಿ ಹೇಳಿಯೇ ನಾನು ಮಾತು ಕಲಿತದ್ದು ಎಂದು ಅಮ್ಮನ ಅಂಬೋಣ.

ಈ ಜೀಪಿನ ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನ ಅಡಿಯಲ್ಲಿ, ಸರಿಯಾಗಿ ಅಡಿಯಲ್ಲಿ. ಕುಶನ್ ಎತ್ತಿದರೆ ದೊಡ್ಡ ಬಾಯಿಯ ಮುಚ್ಚಳ. ಬಂಕಿಗೆ ಹೋದರೆ ಚಾಲಕ ಎದ್ದು ಇಳಿಯಲೇಬೇಕು. ಐವತ್ತೇಳು ಲೀಟರ್ ಪೆಟ್ರೋಲಿನ ಮೇಲೆ ಒಬ್ಬ ಮನುಷ್ಯನನ್ನು ಕೂರಿಸಿ ಗುಂಡು ಹಾರುವ ಕಡೆಗೆ ಕಳಿಸಿದವನ ತಲೆ ಎಂಥದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಪ್ಪ ಯೋಚಿಸಿದಂತಿಲ್ಲ. ಅವರು ಅದರ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬೀಡಿ ಸೇದುವವರನ್ನು ಮಾತ್ರ ಹತ್ತು ಮಾರು ದೂರ ನಿಲ್ಲಿಸುತ್ತಿದ್ದರು.

ಮುಳ್ಳು ಕೆಲಸ ಬಿಟ್ಟ ಮೇಲೆ ಬಂದದ್ದು ಕೋಲು. ಅಡಿಕೆ ಮರ ಸೀಳಿದ ಸಲಾಕೆ, ಒಂದೂವರೆ ಅಡಿ ಉದ್ದ, ಕಪ್ಪಗೆ, ಕಬ್ಬಿಣದ ಹಾಗೆ ಗಟ್ಟಿ. ಹೊರಡುವ ಮೊದಲು ಕುಶನ್ ಎತ್ತಿ, ಮುಚ್ಚಳ ತೆಗೆದು, ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಫಕ್ಕನೆ ಮೇಲೆತ್ತಿ ಬೆಳಕಿಗೆ ಹಿಡಿಯಬೇಕು. ಪೆಟ್ರೋಲ್ ಆರಿಹೋಗುವ ಮೊದಲು ಒದ್ದೆ ಎಲ್ಲಿಯವರೆಗೆ ಎಂದು ಓದಬೇಕು. ಅಮ್ಮನಿಗೆ ಕನ್ನಡಕ ಬಂದ ಮೇಲೆ ಈ ಓದು ಕೈಕೊಟ್ಟಿತು. ಅಪ್ಪನಿಗೆ ಎಂಬತ್ತಾದರೂ ಕೊಡಲಿಲ್ಲ.

ಆ ಕೋಲಿನಲ್ಲಿ ಲೀಟರಿನ ಲೆಕ್ಕ ಇರಲಿಲ್ಲ. ಅಪ್ಪ ಪೇನಾಕತ್ತಿಯಲ್ಲಿ ಕೊರೆದದ್ದು ಊರುಗಳನ್ನು. ತುದಿಯಿಂದ ಎರಡು ಬೆರಳು ಮೇಲೆ 'ಕ', ಅಂದರೆ ಕಡಬಕ್ಕೆ ಹೋಗಿ ಬರಬಹುದು. ಅದರ ಮೇಲೆ 'ಸು'. ಆಮೇಲೆ 'ಪು'. ಇನ್ನೂ ಮೇಲೆ 'ಮಂ'. ಎಲ್ಲದರ ಮೇಲೆ, ಟ್ಯಾಂಕಿನ ಬಾಯಿಗೆ ಸಮವಾಗಿ, 'ಕಾ'. ಅದು ಕಾಶಿ. ಅಷ್ಟು ಪೆಟ್ರೋಲ್ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲವಾದ್ದರಿಂದ ಅಪ್ಪನಿಗೆ ಕಾಶಿಗೆ ಹೋಗುವ ಸಂದರ್ಭವೂ ಬರಲಿಲ್ಲ. 'ಸು' ಮಾತ್ರ ವಿವಾದದಲ್ಲಿತ್ತು. ಸುಳ್ಯ ಎಂದು ಅಪ್ಪ, ಸುಬ್ರಹ್ಮಣ್ಯ ಎಂದು ಅಮ್ಮ. ಸುಬ್ರಹ್ಮಣ್ಯಕ್ಕಾದರೆ ಕಡಿಮೆ ಬಿದ್ದದ್ದನ್ನು ದೇವರು ನೋಡಿಕೊಳ್ಳುತ್ತಾನೆ, ಸುಳ್ಯದಲ್ಲಿ ಯಾರು ನೋಡುತ್ತಾರೆ ಎಂದು ಅಪ್ಪ ಆ ಚರ್ಚೆ ಮುಗಿಸುತ್ತಿದ್ದರು. ಶಾಲೆಯಲ್ಲಿ ಮಾಷ್ಟ್ರು ನಮ್ಮೂರಿಂದ ಪುತ್ತೂರಿಗೆ ಎಷ್ಟು ದೂರ ಎಂದು ಕೇಳಿದಾಗ ನಾನು "ಆರು ಬೆರಳು" ಎಂದು ಹೇಳಿ ಬೆಂಚಿನ ಮೇಲೆ ನಿಂತದ್ದುಂಟು.

ಆ ಕೋಲು ಪೆಟ್ರೋಲಿಗೆ ಮಾತ್ರ ಎಂದೇನೂ ಇರಲಿಲ್ಲ. ಆಟಿ ತಿಂಗಳಲ್ಲಿ ಉಪ್ಪಿನಂಗಡಿ ಕಡೆಯಿಂದ ಕಡಬಕ್ಕೆ ಬರುವಾಗ ಹೊಸ್ಮಠದ ಮುಳುಗು ಸೇತುವೆಯ ಮೇಲೆ ಗುಂಡ್ಯ ಹೊಳೆ ಹರಿಯುತ್ತಿತ್ತು. ಎರಡು ದಡದಲ್ಲೂ ಬಸ್ಸು, ಲಾರಿ, ಜೀಪುಗಳ ಸಾಲು. ಅಪ್ಪ ಜೀಪಿನಿಂದ ಇಳಿದು, ಪಂಚೆ ಎತ್ತಿ ಕಟ್ಟಿ, ಸೇತುವೆಯ ಮೊದಲ ಗಜದಲ್ಲಿ ಕೋಲು ಊರಿ ನೋಡುತ್ತಿದ್ದರು. "ಪುತ್ತೂರುವರೆಗೆ ಇದ್ದು" ಎಂದು ಬಂದು ಕೂರುತ್ತಿದ್ದರು. ಅಂದರೆ ಹೊಳೆ ಇಳಿಯುವುದಕ್ಕೆ ಇನ್ನು ಮೂರು ಗಂಟೆ. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಬಂದಿದೆ. ಪುತ್ತೂರು ತಾಲೂಕಿನ ಒಂದು ಪೇಟೆಯಾಗಿದ್ದ ಕಡಬ ಈಗ ತಾನೇ ತಾಲೂಕಾಗಿದೆ. ಸರಕಾರ ನಕ್ಷೆ ತಿದ್ದಿತು, ಕೋಲನ್ನು ಯಾರೂ ತಿದ್ದಲಿಲ್ಲ.

"ಮುಳ್ಳು ಲೊಟ್ಟೆ ಹೇಳುಗು, ಕೋಲು ಹೇಳ" ಎನ್ನುವುದು ಅಪ್ಪನ ಸಿದ್ಧಾಂತ. ಮುಳ್ಳು ಸುಳ್ಳು ಹೇಳೀತು, ಕೋಲು ಹೇಳದು. ಅವರು ಹೋಗಿ ಒಂಬತ್ತು ಮಳೆಗಾಲ ಕಳೆದವು.

ಹೋದ ವರ್ಷ ಜೂನಿನಲ್ಲಿ ಟ್ಯಾಂಕ್ ಸೋರಲು ಶುರುವಾಯಿತು. ಮೊದಲು ವಾಸನೆ ಬಂತು. ನಂತರ ಜೀಪಿನ ಅಡಿಯಲ್ಲಿ ಮಳೆನೀರಿನ ಮೇಲೆ ಕಾಮನಬಿಲ್ಲು. ಸೋಪು ತಿಕ್ಕುವುದು ಇದಕ್ಕೆ ನಮ್ಮ ಕಡೆಯ ಹಳೆಯ ಮದ್ದು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಸಣ್ಣ ತೂತಿಗೆ ಬಾರ್ ಸೋಪು ಅದುಮಿದರೆ ಬಂಕಿನಿಂದ ಮನೆವರೆಗೆ ನಿಲ್ಲುತ್ತದೆ. ಎರಡು ವಾರ ನಮಗಿಂತ ಮೊದಲು ಟ್ಯಾಂಕಿಗೆ ಸ್ನಾನವಾಯಿತು. ಅಮ್ಮ ಹಲಸಿನ ಮೇಣ ತಂದರು, ತೂತುಬಿದ್ದ ಕೊಡಪಾನಕ್ಕೆ ಆಗುವುದು ಟ್ಯಾಂಕಿಗೆ ಯಾಕಾಗಬಾರದು ಎಂದು. ಕೊಡಪಾನದಲ್ಲಿ ಇರುವುದು ನೀರು. ಪೆಟ್ರೋಲ್ ಆ ಮೇಣವನ್ನು ಒಂದೇ ರಾತ್ರಿಯಲ್ಲಿ ತೊಳೆದು ಹಾಕಿತು.

ಮೆಕ್ಯಾನಿಕ್ ಕಾಕನ ಗ್ಯಾರೇಜು ಇರುವುದು ಪುತ್ತೂರಿನಲ್ಲಿ. ಅಪ್ಪನ ಕಾಲದಲ್ಲಿ ಗ್ರೀಸ್ ಹಚ್ಚುವ ಹುಡುಗನಾಗಿದ್ದವರು, ಈಗ ಬಿಳಿ ಗಡ್ಡ. ಆರು ವೋಲ್ಟಿನ ಜೀಪನ್ನು ಹನ್ನೆರಡು ವೋಲ್ಟಿಗೆ ತಿರುಗಿಸಿದ್ದೂ ಅವರೇ. ಸೀಟು ಬಿಚ್ಚಿ, ಟಾರ್ಚ್ ಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಟ್ಯಾಂಕಿಗೆ ಮೆಲ್ಲಗೆ ಕುಟ್ಟಿದರು. ಹಿಡಿ ಒಳಗೆ ಹೋಯಿತು.

"ಭಟ್ರೇ, ಇದು ಟ್ಯಾಂಕ್ ಅಲ್ಲ. ದೋಸೆ."

ಯುದ್ಧದ ಜೀಪಿನಲ್ಲಿ ಟ್ಯಾಂಕ್ ಕೂರುವುದು ನೆಲದ ತಗಡಿನಲ್ಲೇ ಇಳಿಸಿದ ಒಂದು ಗುಂಡಿಯಲ್ಲಿ. ಗುಂಡಿಗೆ ನೀರು ಹೋಗಲು ತೂತು ಉಂಟು. ಆ ತೂತಿಗೆ ಐವತ್ತು ವರ್ಷದ ಕೆಂಪು ಮಣ್ಣು ಕಟ್ಟಿತ್ತು. ಅಂದರೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ನಮ್ಮ ಮಳೆಯಲ್ಲಿ ಟ್ಯಾಂಕ್ ಹೊರಗಿನಿಂದ ಅಷ್ಟೂ ಕಾಲ ನೀರಲ್ಲಿ ಕೂತಿತ್ತು. ಒಳಗಿನಿಂದ ಬೇರೆ ಕಥೆ. ಯಾವಾಗಲೂ 'ಕ' ಮತ್ತು 'ಪು'ಗಳ ನಡುವೆ ತುಂಬಿರುವ ಟ್ಯಾಂಕಿನಲ್ಲಿ ಉಳಿದ ಜಾಗವೆಲ್ಲ ಗಾಳಿ. ರಾತ್ರಿ ತಣ್ಣಗಾದಾಗ ಆ ಗಾಳಿಯ ಪಸೆ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಹೋಗಿ ತುಕ್ಕು ಹಿಡಿಸುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ, ಹಳೆಯ ರಬ್ಬರ್ ಪೈಪುಗಳ ಮೇಲೆ ಮುನಿಸು. "ಮೊದಲು ಇದು ಪೆಟ್ರೋಲ್ ಮಾತ್ರ ಕುಡೀತಿತ್ತು ಭಟ್ರೇ, ಈಗ ನೀವು ಸಾರಾಯಿ ಕುಡಿಸ್ತಾ ಇದ್ದೀರಿ" ಎಂದು ಕಾಕ ಹೇಳಿದಾಗ, ಮೂರು ತಲೆಮಾರಿನಿಂದ ಸಾರಾಯಿ ಮುಟ್ಟದ ಮನೆತನದ ಯಜಮಾನನಾಗಿ ನನಗೆ ಸ್ವಲ್ಪ ಬೇಸರವಾಯಿತು.

ಟ್ಯಾಂಕ್ ಹೊರಗೆ ಬಂತು. ತಲೆಕೆಳಗೆ ಮಾಡಿ ಕೊಡವಿದಾಗ ಬೊಗಸೆ ತುಂಬ ತುಕ್ಕು, ಮುರಿದ ಕೋಲಿನ ಒಂದು ತುದಿ, ಮತ್ತೆ ಐದು ಪೈಸೆಯ ಒಂದು ಚೌಕ ನಾಣ್ಯ ಉದುರಿದವು. ಅಲ್ಯೂಮಿನಿಯಂ ಆದ್ದರಿಂದ ನಾಣ್ಯಕ್ಕೆ ಏನೂ ಆಗಿರಲಿಲ್ಲ. ಅದನ್ನು ಹಾಕಿದವನು ನಾನು. ದಿನವೂ ಅಪ್ಪ ಮುಚ್ಚಳ ತೆಗೆದು, ಬಗ್ಗಿ ನೋಡಿ, ಕೋಲು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ ಭಕ್ತಿ ಕಂಡು ಅದೊಂದು ಕಾಣಿಕೆ ಡಬ್ಬಿ ಎಂದು ಆರು ವರ್ಷದವನು ತಿಳಿದದ್ದರಲ್ಲಿ ತಪ್ಪೇನಿದೆ? ಏನು ಬೇಡಿಕೊಂಡಿದ್ದೆ ಎಂಬುದು ಮರೆತಿದೆ. ಕಾಕ ನಾಣ್ಯವನ್ನು ಒರೆಸಿ ನನ್ನ ಕೈಗಿಟ್ಟು, "ಬಡ್ಡಿ ಕೇಳಬೇಡಿ" ಎಂದರು.

ಟ್ಯಾಂಕಿನ ನೆತ್ತಿಯ ಮೇಲೆ ಐದು ಸ್ಕ್ರೂ ಹಾಕಿದ ಒಂದು ಬಿಲ್ಲೆ ಇರುತ್ತದೆ. ಅದನ್ನು ಬಿಚ್ಚಿ ಎತ್ತಿದರೆ ಕಟ್ಟಿಕೊಂಡು ಬರುವುದು ಕಾಕನ ಭಾಷೆಯಲ್ಲಿ 'ಟ್ಯಾಂಕ್ ಯೂನಿಟ್'. ಒಂದು ತಂತಿಯ ತೋಳು, ತೋಳಿನ ತುದಿಗೆ ತೇಲುವ ಹಿತ್ತಾಳೆಯ ಬುರುಡೆ. ಪೆಟ್ರೋಲ್ ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ. ತೋಳಿನ ಇನ್ನೊಂದು ತುದಿ ಸಣ್ಣ ತಂತಿ ಸುತ್ತಿದ ಪಟ್ಟಿಯ ಮೇಲೆ ಸವರುತ್ತದೆ. ಎಲ್ಲಿ ಸವರುತ್ತದೆ ಎಂಬುದರ ಮೇಲೆ ಹರಿಯುವ ಕರೆಂಟು ಹೆಚ್ಚೋ ಕಡಿಮೆಯೋ ಆಗಿ ಎದುರಿನ ಮುಳ್ಳನ್ನು ಆಡಿಸುತ್ತದೆ. ಮುಳ್ಳಿಗೆ ಟ್ಯಾಂಕನ್ನು ನೋಡಿ ಗೊತ್ತಿಲ್ಲ. ದರ್ಶನದಲ್ಲಿ ದೈವ ಹೇಳಿದ್ದನ್ನು ಪಾತ್ರಿ ನಮಗೆ ಹೇಳುವ ಹಾಗೆ, ಇಲ್ಲಿ ಆ ಬುರುಡೆಯೇ ಪಾತ್ರಿ. ಇಷ್ಟು ವರ್ಷ ನಾವು ಬೈದದ್ದು ಮುಳ್ಳನ್ನು.

ಬುರುಡೆಯನ್ನು ಮನೆಗೆ ತಂದೆ. ಅಮ್ಮ ಅದನ್ನು ಕಂಡದ್ದೇ ಬಿಂಬುಳಿ ಹಾಕಿ ದೇವರ ದೀಪದ ಜೊತೆ ತಿಕ್ಕಿ ತೊಳೆದು ಪಳಪಳ ಮಾಡಿಟ್ಟರು. ಕಾಕ ಫೋನಿನಲ್ಲಿ ಹೇಳಿದಂತೆ ಬಿಸಿನೀರಿನ ಚೆಂಬಿನಲ್ಲಿ ಮುಳುಗಿಸಿ ನೋಡಿದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ಬೆಸುಗೆಯ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಅಷ್ಟೆ. ಆ ತೂತಿನಲ್ಲಿ ಪೆಟ್ರೋಲ್ ಒಳಹೊಕ್ಕು, ಬುರುಡೆ ಭಾರವಾಗಿ, ತಳದಲ್ಲಿ ಮಲಗಿತ್ತು. ಮುಳ್ಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಬುರುಡೆ ಕೆಳಗಿದೆ ಎಂದಿತ್ತು, ಬುರುಡೆ ಕೆಳಗೇ ಇತ್ತು.

ಹೊಸ ಟ್ಯಾಂಕನ್ನೂ ಯೂನಿಟನ್ನೂ ಫೋನಿನಲ್ಲೇ ಒಂದು ಅಂಗಡಿಯಿಂದ ತರಿಸಿದೆ. ಯೂನಿಟ್ ಸರಿಯಿತ್ತು, ಟ್ಯಾಂಕ್ ಬೇರೆ ಯಾವುದೋ ಜೀಪಿನದು. ವಾಪಸು ಕಳಿಸುವ ಖರ್ಚು ಕೇಳಿದ ಮೇಲೆ ಅದನ್ನು ಹಟ್ಟಿಯ ಪಕ್ಕ ಇಟ್ಟೆ. ಈಗ ಅದರಲ್ಲಿ ಕೋಳಿ ಇಲ್ಲದ ನಮ್ಮ ಮನೆಗೆ ಪಕ್ಕದ ಮನೆಯ ಕೋಳಿ ಬಂದು ಮೊಟ್ಟೆ ಇಡುತ್ತದೆ.

ಕೊನೆಗೆ ಟ್ಯಾಂಕ್ ಕಟ್ಟಿದ್ದು ಸುಳ್ಯದ ವೆಲ್ಡಿಂಗ್ ಆಚಾರ್ರು. ಹಳೆಯದನ್ನೇ ತೇಪೆ ಹಾಕಬಹುದೇ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿಯದ್ದೇ ಅಪಾಯ, ಒಳಗಿನ ಆವಿಗೆ ಕಿಡಿ ತಾಗಿದರೆ ಮುಗಿಯಿತು. ನೀರು ತುಂಬಿಸಿಟ್ಟು ಬೆಸೆಯುವವರೂ ಇದ್ದಾರೆ, ತಾನಂತೂ ಹೆಂಡತಿ ಮಕ್ಕಳು ಇರುವವನು ಎಂದರು. ಹೊಸ ತಗಡಿನಲ್ಲೇ ಮಾಡಿದರು. ಹಾಗೆ ಮಾಡುವಾಗ ತಮ್ಮ ಬುದ್ಧಿಯನ್ನೂ ಸ್ವಲ್ಪ ಬೆಸೆದರು. ನಮ್ಮ ಹಳೆಯ ಟ್ಯಾಂಕಿನ ತಳ ಮಟ್ಟಸ. ಆಚಾರ್ರು ತಳವನ್ನು ನಾಲ್ಕೂ ಕಡೆಯಿಂದ ಓರೆ ಮಾಡಿ ನಡುವೆ ಒಂದು ಕುಳಿ ಇಳಿಸಿ, ಅದಕ್ಕೆ ಬೋಲ್ಟ್ ಕೊಟ್ಟರು. ನೀರು, ಕಸ ಎಲ್ಲ ಕುಳಿಗೆ ಬಂದು ನಿಲ್ಲುತ್ತದೆ, ವರ್ಷಕ್ಕೊಮ್ಮೆ ಬೋಲ್ಟ್ ಬಿಚ್ಚಿ ಇಳಿಸಿ ಎಂದರು. ಒಳ್ಳೆಯ ಕೆಲಸ. ಇದರ ಪರಿಣಾಮ ಆಮೇಲೆ ಗೊತ್ತಾಯಿತು.

ಕೂರಿಸುವ ದಿನ ಕಾಕನೇ ಮನೆಗೆ ಬಂದರು. ಐದು ಸ್ಕ್ರೂಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಯೂನಿಟ್ ಒಂದೇ ದಿಕ್ಕಿನಲ್ಲಿ ಕೂರಬೇಕು, ಇಲ್ಲವಾದರೆ ತೋಳು ಟ್ಯಾಂಕಿನ ಗೋಡೆಗೆ ಬಡಿಯುತ್ತದೆ ಎಂದು ಬೇಕೆಂದೇ ಹಾಗೆ ಮಾಡಿದ್ದು. ನಾನು ನಾಲ್ಕು ತಪ್ಪು ದಿಕ್ಕುಗಳನ್ನು ಕ್ರಮವಾಗಿ ಪ್ರಯತ್ನಿಸಿದೆ. ವಯರು ಕೊಟ್ಟರೆ ಮುಳ್ಳು ಅಲ್ಲಾಡಲಿಲ್ಲ. ನನ್ನ ಮುಖ ಬಾಡಿತು, ಅಮ್ಮನ ಮುಖ ಅರಳಿತು. ಕಾಕ ಬಿಲ್ಲೆಯ ಅಡಿಯ ಹೊಸ ಬಣ್ಣವನ್ನು ನಾಣ್ಯದಗಲ ಕೆರೆದು ಟ್ಯಾಂಕಿನಿಂದ ಬಾಡಿಗೆ ಒಂದು ತುಂಡು ವಯರು ಎಳೆದರು. "ಅರ್ತ್ ಇಲ್ಲದೆ ಯಾವುದೂ ಆಗುದಿಲ್ಲ ಭಟ್ರೇ."

ಹೊಸ ಟ್ಯಾಂಕಿನ ಆಳಕ್ಕೆ ತೋಳನ್ನು ಬಗ್ಗಿಸಿ ಹೊಂದಿಸಬೇಕಿತ್ತು. ಯೂನಿಟನ್ನು ಹೊರಗೆ ಹಿಡಿದು ಕಾಕ ಬುರುಡೆಯನ್ನು ಎತ್ತುವುದು, ಮೀಟರಿನ ಮುಂದೆ ಕೂತ ಅಮ್ಮ ಕಂಡದ್ದನ್ನು ಹೇಳುವುದು. "ಮೇಲೆ ಹೋತು! ಹೋತು, ಹೋತು... ಅಯ್ಯೋ, ನಿಲ್ಸಿ!" ಎಂದು ಅವರು ಕೂಗಿದ ಪರಿಗೆ ತೋಟದಿಂದ ಆಳುಗಳು ಓಡಿ ಬಂದರು. ಮುಳ್ಳು 'ಎಫ್' ಮುಟ್ಟಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಆ ಮುಳ್ಳು ಅಷ್ಟು ದೂರ ನಡೆದದ್ದನ್ನು ಅಮ್ಮ ನೋಡಿರಲಿಲ್ಲ. ಆಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಕನಿಗೆ ಬೆಲ್ಲ, ನೀರು ಕೊಟ್ಟು, "ಅವು ಇರೆಕಿತ್ತು" ಎಂದರು. ಅವರು ಇರಬೇಕಿತ್ತು. ಇದ್ದಿದ್ದರೆ ಅಪ್ಪ ಒಪ್ಪುತ್ತಿದ್ದರೆಂಬ ಭರವಸೆ ನನಗಂತೂ ಇಲ್ಲ.

ಒಂದು ತಿಂಗಳು ನಾನು ಮುಳ್ಳನ್ನು ನೋಡುತ್ತಲೇ ಓಡಿಸಿದೆ. ಏರಿನಲ್ಲಿ ಅದು ಒಂದು ಕಡೆಗೆ ವಾಲುವುದು, ತಿರುವಿನಲ್ಲಿ ತಲೆ ಅಲ್ಲಾಡಿಸುವುದು, ಸಮತಟ್ಟಿನಲ್ಲಿ ಮೆಲ್ಲಗೆ ನಿಲ್ಲುವುದು ಎಲ್ಲ ಮನೆಗೆ ಬಂದ ಹೊಸ ಕರುವನ್ನು ನೋಡಿದ ಹಾಗೆ. ಆದರೂ ಹೊರಡುವ ಮೊದಲು ಕುಶನ್ ಎತ್ತಿ ಕೋಲು ಇಳಿಸುವುದನ್ನು ಬಿಡಲಾಗಲಿಲ್ಲ. ಸಂಧ್ಯಾವಂದನೆ ಬಿಟ್ಟವನಿಗೆ ಅದೊಂದಾದರೂ ಇರಲಿ ಎಂದು.

ಅಡಿಕೆಗೆ ಎರಡನೇ ಸಲ ಮದ್ದು ಬಿಡುವ ಹೊತ್ತಿಗೆ ಮೈಲುತುತ್ತು ಸಾಲದೆ ಬಂತು. ಕಡಬದಿಂದ ತರಬೇಕು. ಹೆಂಡತಿಯೂ ಹೊರಟಳು. ಕೋಲು ಇಳಿಸಿ ನೋಡಿದೆ. ಒದ್ದೆ 'ಕ' ದಾಟಿ ಒಂದು ಬೆರಳು ಮೇಲಿತ್ತು. ಮುಳ್ಳು 'ಇ' ಮೇಲಿತ್ತು.

"ಪೆಟ್ರೋಲ್ ಇಲ್ಲ" ಎಂದಳು ಹೆಂಡತಿ.

"ಕೋಲು ಇದ್ದು ಹೇಳ್ತಾ ಇದ್ದು" ಎಂದೆ.

ಕಡಬಕ್ಕೆ ಹೋದೆವು. ತುತ್ತು ಹಾಕಿಕೊಂಡು, ಹೋಟೆಲಿನಲ್ಲಿ ಗೋಳಿಬಜೆ ತಿಂದು, ತಿರುಗಿ ಹೊರಟೆವು. ಕೋಡಿಂಬಾಳ ದಾಟಿ ಒಂದು ಏರಿನ ನಡುವೆ ಜೀಪು ಎರಡು ಸಲ ಕೆಮ್ಮಿ ನಿಂತಿತು. ಇಳಿದು ಕುಶನ್ ಎತ್ತಿ ಕೋಲು ಹಾಕಿದೆ. ಕುಳಿಯೊಳಗೆ ಇಳಿದ ತುದಿ ಒಂದೂವರೆ ಇಂಚು ಒದ್ದೆಯಾಗಿ ಮೇಲೆ ಬಂತು. ಅಷ್ಟೂ ಆಚಾರ್ರ ಕುಳಿಯಲ್ಲಿ ಒಂದು ಚೆಂಬಿಗೂ ಸಾಲದ ಪೆಟ್ರೋಲು. ಅಪ್ಪನ ಕಡಬ ಹಳೆಯ ಟ್ಯಾಂಕಿನ ಮಟ್ಟಸ ತಳದ್ದು. ಇದರಲ್ಲಿ ಕಡಬ ಎಲ್ಲಿದೆಯೋ.

ಮಳೆ ಹನಿಯತೊಡಗಿತು. ಹೆಂಡತಿ ಏನೂ ಹೇಳದೆ ಕೊಡೆ ಬಿಡಿಸಿದಳು. ಅರ್ಧ ಗಂಟೆಯ ಮೇಲೆ ಪರಿಚಯದ ಒಂದು ಪಿಕಪ್ ಬಂದು ನಿಂತಿತು.

"ಎಂತ ಭಟ್ರೇ, ನಿಂತದ್ದು? ಮೊನ್ನೆ ಹೊಸ ಮೀಟರ್ ಹಾಕಿಸಿದ್ದೀರಿ ಅಂತ ಕಾಕ ಹೇಳಿದ್ರು. ಕೆಲಸ ಮಾಡ್ತಾ ಇಲ್ವಾ?"

"ಮಾಡ್ತಾ ಉಂಟು ಮಾರಾಯ" ಎಂದೆ. "ಸರಿಯಾಗಿಯೇ ಮಾಡ್ತಾ ಉಂಟು."

ಅವನು ಪೈಪು, ಕ್ಯಾನು ಹುಡುಕಲು ಹೋದ. ನಾನು ಕಿಸೆಯಿಂದ ಅಪ್ಪನ ಪೇನಾಕತ್ತಿ ತೆಗೆದು, ಕೋಲನ್ನು ಮೊಣಕಾಲಿಗೆ ಆನಿಸಿ, ಒದ್ದೆ ಆರುವ ಮೊದಲು ಅಲ್ಲೇ ಒಂದು ಗೆರೆ ಎಳೆದೆ. ಯಾವ ಅಕ್ಷರ ಕೊರೆಯುವುದು ಎಂದು ಹೆಂಡತಿಯನ್ನು ಕೇಳಿದೆ.

"ಇ" ಎಂದಳು.